ಶ್ರೀ ಮಲ್ಲಿಕಾರ್ಜುನ ಮನ್ಸೂರರ ಗಾನರುಚಿ

ಧಾರವಾಡದಿಂದ ಪಡುವಲಿಗೆ ಕೆಲವೇ ಮೈಲುಗಳ ಅಂತರದಲ್ಲಿರುವ ಮನ್ಸೂರು ಒಕ್ಕಲುತನದ ಗ್ರಾಮ. ಆ ಊರಿನ ಗೌಡಕಿಯ ಮನೆಯಲ್ಲಿ, ಭೀಮರಾಯಪ್ಪನವರ ಮಗನಾಗಿ, ೧೯೧೦ನೆಯ ಇಸವಿ ಡಿಸೆಂಬರ ೩೧ರಂದು ಮಲ್ಲಿಕಾರ್ಜುನರು ಜನಿಸಿದರು. ತಂದೆಯವರು ಬೇಸಾಯಗಾರರಾದರೂ ಗಾನಪ್ರಿಯರು. ಅಣ್ಣ ಬಸವರಾಜರು ನಾಟಕ ಮಂಡಳಿ ನಡೆಸಿದವರು. ಆದುದರಿಂದ ಬಾಲಕನ ಕಿವಿಯನ್ನು ಮೊದಲು ಹೊಕ್ಕುದು ರಂಗಭೂಮಿಯ ಪದಗಳು. ಒಂಬತ್ತರ ಹರೆಯದಲ್ಲಿಯೇ ಅವರು ಬಣ್ಣ ಹಚ್ಚಿ ರಂಗವನ್ನೇರಿದರು. ನಾಟಕದ ಹಾಡಿನ ಧರ್ಮವೇ ಬೇರೆ. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ ಕಟ್ಟಕಡೆಯ ಸಾಲಿನವನಿಗೂ ಕಂಠವು ಮುಟ್ಟಬೇಕು, ಮಾತು ಮಸುಳಬಾರದು, ಕೇಳುವವನ ಮನಸ್ಸನ್ನು ಆ ಕ್ಷಣದಲ್ಲಿಯೇ ಗೆಲ್ಲಬೇಕು. ಶಾಸ್ತ್ರಜ್ಞರು ಇದನ್ನು ಕೀಳುಗಾಣುವುದುಂಟು. ಆದರೆ ಮನ್ಸೂರರ ಕಂಠಕ್ಕೆ ಕಡೆಯವರೆಗೂ ಇದ್ದ ಕಸುವಿನ ಬೇರು ಇಲ್ಲಿಯೇ ಇದ್ದಿತೆಂದರೆ ತಪ್ಪಾಗದು.

ನಾಟಕದಲ್ಲಿ ಅವರ ಹಾಡು ಕೇಳಿದ ಅಪ್ಪಯ್ಯಸ್ವಾಮಿಗಳು ಬಾಲಕನನ್ನು ಶಿಷ್ಯನನ್ನಾಗಿ ಸ್ವೀಕರಿಸಿ ಕರ್ನಾಟಕ ಸಂಗೀತದ ಮೊದಲ ಪಾಠಗಳನ್ನು ಹೇಳಿಕೊಟ್ಟರು. ತರುವಾಯ ಮಿರಜಿನ ನೀಲಕಂಠಬುವಾ ಆಲೂರಮಠರ ಆಶ್ರಯವು ದೊರೆಯಿತು. ಗದುಗಿನ ಪಂಚಾಕ್ಷರ ಗವಾಯಿಗಳಿಗೂ ಹಿಂದುಸ್ತಾನಿ ಪದ್ಧತಿಯನ್ನು ಕಲಿಸಿದ ಪುಣ್ಯಪುರುಷರು ಅವರೇ. ಆಲೂರಮಠರದು ಗ್ವಾಲಿಯರ ಪರಂಪರೆ: ಬಿಚ್ಚುಕಂಠ, ಪ್ರಸಿದ್ಧ ರಾಗಗಳ ಸ್ಪಷ್ಟ ನಿರೂಪಣೆ, ಸ್ಥಾಯಿ-ಅಂತರಾಗಳನ್ನು ಅಚ್ಚುಕಟ್ಟಾಗಿ ಹಾಡಿ ತೋರುವ ಶಿಸ್ತು, ಏರಿಳಿಯುವ ನೇರ ತಾನಗಳು. ಮನೆಯ ಹೊಸ್ತಿಲು ದಾಟಿದೊಡನೆ ಅಂಗಳವೆಲ್ಲ ಕಾಣುವ ಹಾಗೆ ಆ ಗಾನದಲ್ಲಿ ಮರೆಯೆಂಬುದಿಲ್ಲ. ತರುಣ ಮಲ್ಲಿಕಾರ್ಜುನರು ಅದನ್ನು ಬೇಗನೆ ಕೈವಶಮಾಡಿಕೊಂಡರು. ಮೂರು ನಿಮಿಷದ ಧ್ವನಿಮುದ್ರಿಕೆಗಳಲ್ಲಿ ಅವರ ಹಾಡುಗಳು ಊರೂರಿಗೆ ಹರಡಿದವು, ಹೆಸರೂ ಬಂದಿತು.

ಇಲ್ಲಿಗೆ ಅವರ ಕಲಿಕೆ ಮುಗಿದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ೧೯೩೫ರ ಸುಮಾರಿಗೆ ಮುಂಬಯಿಯಲ್ಲಿ, ಜಯಪುರ-ಅತ್ರೌಲಿ ಘರಾಣೆಯ ಮೂಲಪುರುಷರಾದ ಅಲ್ಲಾದಿಯಾ ಖಾನರ ಪುತ್ರ ಮಂಜೀಖಾನರ ಶಿಷ್ಯತ್ವವು ಅವರಿಗೆ ಲಭಿಸಿತು. ಈ ಗಾಯನದ ಮಾರ್ಗವು ಮೊದಲಿನದಕ್ಕಿಂತ ತೀರ ಭಿನ್ನವಾದುದು. ಇಲ್ಲಿ ಸ್ವರವನ್ನೂ ಲಯವನ್ನೂ ಬೇರ್ಪಡಿಸಲು ಬಾರದು. ತಾನವು ನೇರವಾಗಿ ಓಡದೆ ಬಳ್ಳಿಯಂತೆ ಸುತ್ತಿ ಸುತ್ತಿ ಮೇಲೇರುತ್ತದೆ. ಆವರ್ತನದ ಒಂದೊಂದು ಮಾತ್ರೆಯೂ ತುಂಬಿದ್ದು ಗಾಯಕನು ಸಮಕ್ಕೆ ಬರುವ ದಾರಿ ಮೊದಲೇ ಗೊತ್ತಾಗದು. ರಾಗಗಳಾದರೂ ಅಪರೂಪದವು, ಹಲವು ಜೋಡುರಾಗಗಳು. ಬಸಂತಿ ಕೇದಾರದಲ್ಲಿ ಬಸಂತ, ಕೇದಾರಗಳೆರಡೂ ಇರಬೇಕು, ಆದರೆ ಹೊಲಿಗೆಯು ಕಾಣಬಾರದು.

ಸಭೆಗಳಲ್ಲಿ ಮನ್ನಣೆ ಪಡೆದ ಗಾಯಕನು ಇಪ್ಪತ್ತೈದರ ಪ್ರಾಯದಲ್ಲಿ ಮತ್ತೆ ಬಾಲಪಾಠಕ್ಕೆ ಕೂಡುವುದೆಂದರೆ ಸುಲಭವಲ್ಲ. ಹೊಸದನ್ನು ಕಲಿಯುವುದಕ್ಕಿಂತ ಗಂಟಲಿಗೆ ಒಗ್ಗಿಹೋದುದನ್ನು ಬಿಡುವುದು ಹೆಚ್ಚು ಕಷ್ಟ. ಅದರಲ್ಲಿಯೂ ಜನರು ಮೆಚ್ಚಿದುದನ್ನು ಬಿಡುವುದು. ಲಿಂಗವಂತ ಮನೆತನದ ಈ ಶಿಷ್ಯನು ಮುಸಲ್ಮಾನ ಉಸ್ತಾದರನ್ನು ಸಾಕ್ಷಾತ್ ಗುರುವೆಂದೇ ಭಾವಿಸಿ ಸೇವಿಸಿದನು. ಶರಣರ ಧರ್ಮದಲ್ಲಿ ಅರಿವೇ ಗುರುವಾಗಿರುವಾಗ ಇದರಲ್ಲಿ ಸೋಜಿಗವೇನಿಲ್ಲ. ಆದರೆ ಆ ಭಾಗ್ಯವು ಬಹುಕಾಲ ಉಳಿಯಲಿಲ್ಲ. ೧೯೩೭ರಲ್ಲಿ ಮಂಜೀಖಾನರು ಪೈಗಂಬರವಾಸಿಗಳಾದರು. ಹಳೆಯದನ್ನು ಬಿಟ್ಟಾಗಿದೆ, ಹೊಸದು ಇನ್ನೂ ಪೂರ್ತಿಯಾಗಿ ಕೈಸೇರಿಲ್ಲ: ಇಂಥ ಇಬ್ಬಂದಿಯ ಹೊತ್ತಿನಲ್ಲಿ ಹಿಂದಿನ ಜನಪ್ರಿಯ ದಾರಿಗೆ ಮರಳುವುದು ಸಹಜವಾಗಿದ್ದಿತು. ಅವರು ಮರಳಲಿಲ್ಲ. ಮಂಜೀಖಾನರ ತಮ್ಮಂದಿರಾದ ಭೂರ್ಜೀಖಾನರ ಬಳಿ ಶಿಕ್ಷಣವನ್ನು ಮುಂದುವರಿಸಿದರು. ೧೯೫೦ರಲ್ಲಿ ಅವರೂ ತೀರಿಕೊಂಡರು.

ಮುಂದಿನ ದಶಕಗಳನ್ನು ಮನ್ಸೂರರು ಬಹುಮಟ್ಟಿಗೆ ಧಾರವಾಡದಲ್ಲಿಯೇ, ಆಕಾಶವಾಣಿಯ ಸಂಗೀತ ಸಲಹೆಗಾರರಾಗಿಯೂ ಸಾಧಕರಾಗಿಯೂ ಕಳೆದರು. ಅವರ ರುಚಿಯು ದಿನೇದಿನೇ ಸೂಕ್ಷ್ಮವಾಗುತ್ತ ನಡೆಯಿತು. ಪೀಠಿಕೆಗಳು ಕುಗ್ಗಿದವು, ಕುಳಿತೊಡನೆಯೇ ರಾಗದ ನಡುಮನೆಯಲ್ಲಿರುತ್ತಿದ್ದರು. ಖಟ, ಶಿವಮತ ಭೈರವ, ಬಹಾದುರಿ ತೋಡಿ, ಏಕ ನಿಷಾದ ಬಿಹಾಗಡಾ ಮೊದಲಾದ ದುರ್ಲಭ ರಾಗಗಳು ಅವರಲ್ಲಿ ಪಾಂಡಿತ್ಯ ಪ್ರದರ್ಶನವೆನಿಸದೆ ಮನೆಮಾತಿನಷ್ಟು ಸರಳವಾಗಿ ಹೊರಡುತ್ತಿದ್ದವು. ಇದನ್ನು ದೇಶವು ತಡವಾಗಿ ಗುರುತಿಸಿತು. ೧೯೭೦ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ಅರವತ್ತು ಸಮೀಪಿಸಿದ್ದಿತು. ೧೯೭೬ರಲ್ಲಿ ಪದ್ಮಭೂಷಣ, ೧೯೯೨ರಲ್ಲಿ ಪದ್ಮವಿಭೂಷಣ.

ಭಕ್ತರಿಗೆ ಹೆಚ್ಚು ಆಪ್ತವಾದುದು ಅವರ ವಚನಗಾಯನ. ಧಾರವಾಡದ ಮುರುಘಾಮಠದ ಶ್ರೀ ಮೃತ್ಯುಂಜಯ ಅಪ್ಪಗಳವರಲ್ಲಿ ಅವರಿಗೆ ಅಚಲವಾದ ನಿಷ್ಠೆ. ಖ್ಯಾಲಿನಲ್ಲಿ ಮಾತು ಆಕಾರದೊಳಗೆ ಕರಗಿಹೋಗುತ್ತದೆ. ವಚನದಲ್ಲಿ ಮಾತು ಕರಗಿದರೆ ಅನುಭಾವವೇ ಕರಗಿದಂತೆ. ಮೇಲಾಗಿ ವಚನಕ್ಕೆ ಛಂದಸ್ಸಿನ ಕಟ್ಟಿಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ಸಾಗಬೇಕು ಎಂಬುದನ್ನು ಹಾಡುವವನೇ ಅರ್ಥವನ್ನು ನೋಡಿ ಗೊತ್ತುಮಾಡಬೇಕು. ಘರಾಣೆಯ ಕಠಿಣ ಲಯವನ್ನು ಜೀರ್ಣಿಸಿಕೊಂಡ ಅದೇ ಕಂಠವು ಬಸವಣ್ಣನವರ, ಅಕ್ಕಮಹಾದೇವಿಯವರ ಮಾತುಗಳೆದುರು ತಾನುಗಳನ್ನು ಹಿಂದೆ ಸರಿಸಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಇಡುತ್ತಿದ್ದಿತು. ಬಾಲ್ಯದ ರಂಗಭೂಮಿಯಲ್ಲಿ ಕಲಿತ ನುಡಿಯ ನಿಚ್ಚಳತೆಯು ಮುಪ್ಪಿನಲ್ಲಿ ಹೀಗೆ ಭಕ್ತಿಯ ಉಡುಪಿನಲ್ಲಿ ತಿರುಗಿ ಬಂದಿತು.

೧೯೯೨ನೆಯ ಇಸವಿ ಸಪ್ಟಂಬರ ೧೨ರಂದು ಅವರು ಧಾರವಾಡದಲ್ಲಿ ಲಿಂಗೈಕ್ಯರಾದರು. ಅವರು ಬಾಳಿದ ಮನೆಯು ಇಂದು ಸ್ಮಾರಕವಾಗಿದೆ. ಅದರ ಹೆಸರು ಮೃತ್ಯುಂಜಯ.