ಸಂವಿಧಾನದ ಮೊದಲ ಕರಡು ಸಿದ್ಧಪಡಿಸಿದ ಬೆನಗಲ್ ನರಸಿಂಗ ರಾವ್

ನವೆಂಬರ್ ಬಂತೆಂದರೆ ನಮಗೆಲ್ಲ ರಾಜ್ಯೋತ್ಸವದ ಸಡಗರ. ಅದೇ ತಿಂಗಳ 26 ಸಂವಿಧಾನ ದಿನ. ಅದಾದ ನಾಲ್ಕನೇ ದಿನ, ನವೆಂಬರ್ 30, ಆ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದ ಬೆನಗಲ್ ನರಸಿಂಗ ರಾವ್ ಅವರು ತೀರಿಕೊಂಡ ದಿನ. ಸಾರ್ವಜನಿಕ ಜೀವನದಲ್ಲಿ ಬಿ.ಎನ್. ರಾವ್ ಎಂದೇ ಹೆಸರಾದವರು. ಹಿಂದೂಪುರ, ಕಲ್ಯಾಣದುರ್ಗದ ನಮಗೂ ಅವರ ಕೆಲಸಕ್ಕೂ ಏನು ಸಂಬಂಧ ಎಂದು ಕೇಳುವವರಿಗಾಗಿ ಈ ಪರಿಚಯ.

ರಾವ್ ಅವರು ದಕ್ಷಿಣ ಕನ್ನಡದವರು. ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಕೊಂಕಣಿ ಮನೆಮಾತಿನ ಸಾರಸ್ವತ ಕುಟುಂಬದಲ್ಲಿ. ತಂದೆ ಬೆನಗಲ್ ರಾಘವೇಂದ್ರ ರಾವ್ ಹೆಸರಾಂತ ವೈದ್ಯರು. ಆಗ ದಕ್ಷಿಣ ಕನ್ನಡವೂ ನಮ್ಮ ಅನಂತಪುರವೂ ಒಂದೇ ಮದ್ರಾಸ್ ಪ್ರಾಂತ್ಯದ ಜಿಲ್ಲೆಗಳು. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಮದ್ರಾಸ್ ವಿಶ್ವವಿದ್ಯಾಲಯದ ಪದವಿ ಪಡೆದು, ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿಗೆ ಹೋದರು. ಜವಾಹರಲಾಲ್ ನೆಹರೂ ಆ ಕಾಲದಲ್ಲಿ ಅಲ್ಲಿಯೇ ಓದುತ್ತಿದ್ದರು. 1909ರಲ್ಲಿ ಐಸಿಎಸ್ ಪಾಸಾದ ರಾವ್ ಅವರಿಗೆ ಬಂಗಾಳ ಪ್ರಾಂತ್ಯದಲ್ಲಿ ನೌಕರಿಯಾಯಿತು.

ಕೆಲವೇ ದಿನಗಳಲ್ಲಿ ಅವರು ನ್ಯಾಯಾಂಗದ ಕಡೆಗೆ ಹೊರಳಿದರು. ಪೂರ್ವ ಬಂಗಾಳದ ಜಿಲ್ಲೆಗಳಲ್ಲಿ ನ್ಯಾಯಾಧೀಶರಾಗಿ, ಮುಂದೆ ಅಸ್ಸಾಂ ಸರ್ಕಾರದ ಕಾನೂನು ಅಧಿಕಾರಿಯಾಗಿ ದುಡಿದರು. 1935ರ ಭಾರತ ಸರ್ಕಾರ ಕಾಯ್ದೆ ಬಂದಾಗ ಹಳೆಯ ಕಾನೂನುಗಳನ್ನೆಲ್ಲ ಅದಕ್ಕೆ ಹೊಂದಿಸಿ ತಿದ್ದುವ ದೊಡ್ಡ ಕೆಲಸ ಅವರ ಪಾಲಿಗೆ ಬಂತು. 1938ರಲ್ಲಿ ಸರ್ ಪದವಿ, 1939ರಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶ ಸ್ಥಾನ. 1941ರಲ್ಲಿ ನೇಮಕವಾದ ಹಿಂದೂ ಕಾನೂನು ಸಮಿತಿಗೆ ಅವರೇ ಅಧ್ಯಕ್ಷರು. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು, ಒಬ್ಬನಿಗೆ ಒಂದೇ ಮದುವೆ, ಇಂಥ ವಿಚಾರಗಳು ಮುಂದೆ ಶಾಸನವಾಗಲು ಆ ಸಮಿತಿಯ ಕೆಲಸವೇ ಬುನಾದಿ. 1944-45ರಲ್ಲಿ ಕೆಲಕಾಲ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯೂ ಆಗಿದ್ದರು.

1946ರಲ್ಲಿ ಅವರು ಸಂವಿಧಾನ ರಚನಾ ಸಭೆಯ ಸಾಂವಿಧಾನಿಕ ಸಲಹೆಗಾರರಾದರು. ಅವರು ಸಭೆಯ ಸದಸ್ಯರಲ್ಲ, ಮತ ಹಾಕುವ ಹಕ್ಕೂ ಇರಲಿಲ್ಲ. (ನಮ್ಮ ಹಿಂದೂಪುರ ಭಾಗದ ಕಲ್ಲೂರು ಸುಬ್ಬರಾವ್ ಅವರು ಅದೇ ಸಭೆಯಲ್ಲಿ ಸದಸ್ಯರಾಗಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು.) ಬೇರೆ ಬೇರೆ ದೇಶಗಳ ಸಂವಿಧಾನಗಳು ಏನು ಹೇಳುತ್ತವೆ ಎಂಬುದನ್ನು ಟಿಪ್ಪಣಿ ಮಾಡಿ, ಪುಸ್ತಿಕೆಗಳಾಗಿ ಅಚ್ಚು ಹಾಕಿಸಿ ಸದಸ್ಯರ ಕೈಗೆ ಕೊಟ್ಟರು. 1947ರ ಅಕ್ಟೋಬರ್ ಹೊತ್ತಿಗೆ ಸುಮಾರು 240 ವಿಧಿಗಳ ಮೊದಲ ಕರಡು ಸಿದ್ಧವಾಗಿತ್ತು. ಡಾ. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಅದನ್ನು ಮುಂದಿಟ್ಟುಕೊಂಡೇ ಕೆಲಸ ಶುರು ಮಾಡಿತು.

ಕರಡು ಕೊಟ್ಟ ಬಳಿಕ ರಾವ್ ಅವರು ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ದೇಶಗಳಿಗೆ ಹೋಗಿ ಅಲ್ಲಿನ ಕಾನೂನು ಪಂಡಿತರನ್ನು ಕಂಡರು. ಅಮೆರಿಕದಲ್ಲಿ ನಡೆದ ಒಂದು ಚರ್ಚೆ ನಮ್ಮ 21ನೇ ವಿಧಿಯ ಹಣೆಬರಹವನ್ನೇ ಬದಲಿಸಿತು. ಅಮೆರಿಕದ ಸಂವಿಧಾನದ 5ನೇ ತಿದ್ದುಪಡಿ 1791ರದು. ಗುಲಾಮಗಿರಿ ತೊಲಗಿದ ಮೇಲೆ 1868ರಲ್ಲಿ ಬಂದದ್ದು 14ನೇ ತಿದ್ದುಪಡಿ. ಎರಡರಲ್ಲೂ ಡ್ಯೂ ಪ್ರಾಸೆಸ್ ಎಂಬ ಮಾತಿದೆ. ಸರಿಯಾದ ಕಾನೂನು ಕ್ರಮವಿಲ್ಲದೆ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಸರ್ಕಾರ ಕಸಿಯಬಾರದು ಎಂಬುದು ಅದರ ತಿರುಳು. ಆದರೆ ಸರಿಯಾದದ್ದು ಯಾವುದು ಎಂದು ತೀರ್ಮಾನಿಸುವವರು ನ್ಯಾಯಾಧೀಶರು. 1905ರಲ್ಲಿ ಬೇಕರಿ ಕೆಲಸಗಾರರ ದುಡಿಮೆಯನ್ನು ದಿನಕ್ಕೆ 10 ಗಂಟೆಗೆ ಮಿತಿಗೊಳಿಸಿದ ಕಾನೂನನ್ನೂ, 1923ರಲ್ಲಿ ಹೆಂಗಸರಿಗೆ ಕನಿಷ್ಠ ಕೂಲಿ ಗೊತ್ತುಮಾಡಿದ ಕಾನೂನನ್ನೂ ಅಲ್ಲಿನ ಸುಪ್ರೀಂ ಕೋರ್ಟ್ ಇದೇ ಮಾತಿನ ಆಧಾರದ ಮೇಲೆ ರದ್ದು ಮಾಡಿತ್ತು.

ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಈ ಮಾತು ನಿಮಗೆ ಬೇಡವೆಂದೇ ರಾವ್ ಅವರಿಗೆ ಸಲಹೆ ಕೊಟ್ಟರು. ಜನರು ಆರಿಸಿದ ಶಾಸನಸಭೆ ಮಾಡಿದ ಕಾನೂನನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವುದಿಲ್ಲ, ಕೋರ್ಟಿಗೂ ಅದು ಹೊರೆ ಎಂಬುದು ಅವರ ಅಭಿಪ್ರಾಯ. ಸಮಾಜ ಸುಧಾರಣೆಯ ಕಾನೂನುಗಳು ಕೋರ್ಟಿನಲ್ಲಿ ಸಿಕ್ಕಿಬೀಳಬಾರದೆಂಬ ಕಳವಳ ರಾವ್ ಅವರಿಗೂ ಇತ್ತು. ಕೊನೆಗೆ ಕರಡು ಸಮಿತಿ ಆ ಮಾತನ್ನು ಕೈಬಿಟ್ಟು, ಜಪಾನಿನ ಸಂವಿಧಾನದ ಮಾದರಿಯಲ್ಲಿ, ಕಾನೂನು ಗೊತ್ತುಪಡಿಸಿದ ಕ್ರಮ ಎಂಬ ಅರ್ಥದ ಪದಗಳನ್ನು ಸೇರಿಸಿತು.

ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಕಾನೂನುಗಳ ಎದುರು ಪ್ರಜೆಗೆ ರಕ್ಷಣೆ ಏನು ಎಂದು ಸಭೆಯಲ್ಲಿ ಹಲವರು ಕೇಳಿದರು. ಅದಕ್ಕಾಗಿಯೇ 1949ರಲ್ಲಿ ಬಂಧಿತರ ಹಕ್ಕುಗಳನ್ನು ಹೇಳುವ ಈಗಿನ 22ನೇ ವಿಧಿ ಬಂತು. ಆದರೂ 1950ರ ಎ.ಕೆ. ಗೋಪಾಲನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಶಾಸನಸಭೆ ಮಾಡಿದ ಕಾನೂನಿನಂತೆ ನಡೆದರೆ ಸಾಕು ಎಂದಿತು. 1978ರ ಮನೇಕಾ ಗಾಂಧಿ ಮೊಕದ್ದಮೆಯಲ್ಲಿ, ಆ ಕ್ರಮ ನ್ಯಾಯಯುತವೂ ಆಗಿರಬೇಕು ಎಂದು ಅದೇ ಕೋರ್ಟ್ ತೀರ್ಪು ಕೊಟ್ಟಿತು. ರಾವ್ ಅವರು ಬೇಡವೆಂದ ಅರ್ಥ 30 ವರ್ಷದ ನಂತರ ಹಿತ್ತಲ ಬಾಗಿಲಿನಿಂದ ಒಳಗೆ ಬಂತು. ಅವರ ಕಳವಳವೂ ಸುಳ್ಳಲ್ಲ, ಸಭೆಯಲ್ಲಿ ಎದ್ದ ಪ್ರಶ್ನೆಯೂ ಸುಳ್ಳಲ್ಲ.

ಗಡಿನಾಡಿನ ನಮಗೆ ಮುಖ್ಯವಾದದ್ದು ಇನ್ನೊಂದಿದೆ. ಅಮೆರಿಕದ ನೆಬ್ರಾಸ್ಕಾ ರಾಜ್ಯ 1919ರಲ್ಲಿ ಎಳೆಯ ಮಕ್ಕಳಿಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವುದನ್ನು ನಿಷೇಧಿಸಿತು. 10 ವರ್ಷದ ಹುಡುಗನಿಗೆ ಜರ್ಮನ್ ಓದಿಸಿದ ಮೇಯರ್ ಎಂಬ ಶಿಕ್ಷಕರಿಗೆ ಶಿಕ್ಷೆಯಾಯಿತು. 1923ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಬಿಡಿಸಿದ್ದು ಅದೇ ಡ್ಯೂ ಪ್ರಾಸೆಸ್ ಮಾತಿನಿಂದ. ಅಲ್ಲಿನ ಸಂವಿಧಾನದಲ್ಲಿ ಭಾಷಾ ಅಲ್ಪಸಂಖ್ಯಾತರ ಬಗ್ಗೆ ಒಂದು ಸಾಲೂ ಇಲ್ಲದ್ದರಿಂದ ನ್ಯಾಯಾಧೀಶರು ಸ್ವಾತಂತ್ರ್ಯ ಎಂಬ ಪದದೊಳಗೇ ಆ ಹಕ್ಕನ್ನು ಹುಡುಕಬೇಕಾಯಿತು. ನಮ್ಮಲ್ಲಿ ಹಾಗಾಗಲಿಲ್ಲ. ಸಭೆ ಅದನ್ನು ಬಿಡಿಸಿಯೇ ಬರೆಯಿತು: ತನ್ನದೇ ಭಾಷೆ, ಲಿಪಿ ಉಳ್ಳ ಜನರಿಗೆ ಅದನ್ನು ಉಳಿಸಿಕೊಳ್ಳುವ ಹಕ್ಕು 29ನೇ ವಿಧಿಯಲ್ಲಿ, ಭಾಷಾ ಅಲ್ಪಸಂಖ್ಯಾತರು ತಮ್ಮದೇ ಶಾಲೆ ನಡೆಸುವ ಹಕ್ಕು 30ನೇ ವಿಧಿಯಲ್ಲಿ. ರಾಜ್ಯಗಳ ಪುನರ್ವಿಂಗಡಣೆಯ ಹೊತ್ತಿಗೆ, 1956ರಲ್ಲಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ ಅನುಕೂಲ ಕಲ್ಪಿಸಬೇಕೆಂಬ 350ಎ ವಿಧಿಯೂ ಸೇರಿತು. ಸಮಾನತೆಯ 14ನೇ ವಿಧಿಗೆ ಅಮೆರಿಕದ 14ನೇ ತಿದ್ದುಪಡಿಯಿಂದ ಮಾತು ತಂದುಕೊಂಡರೂ, ಅಸ್ಪೃಶ್ಯತೆಯನ್ನು ಅಳಿಸುವ 17ನೇ ವಿಧಿಯನ್ನು ನಾವೇ ನೇರವಾಗಿ ಬರೆದೆವು.

ಸಂವಿಧಾನದ ಕೆಲಸ ಮುಗಿಯುವ ಹೊತ್ತಿಗೆ ರಾವ್ ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಸಿಡಿದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಅವರೇ. 1952ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಮರುವರ್ಷ, 1953ರ ನವೆಂಬರ್ 30ರಂದು, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ನಿಧನರಾದರು. ಅವರ ತಮ್ಮಂದಿರಲ್ಲಿ ಬೆನಗಲ್ ರಾಮ ರಾವ್ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು, ಬಿ. ಶಿವ ರಾವ್ ಪತ್ರಕರ್ತರು ಮತ್ತು ಸಂವಿಧಾನ ಸಭೆಯ ಸದಸ್ಯರು.

ರಾವ್ ಅವರ ಹೆಸರು ಹೇಳಿದರೆ ಅಂಬೇಡ್ಕರ್ ಅವರ ಹಿರಿಮೆ ಕುಂದುವುದಿಲ್ಲ. 1949ರ ನವೆಂಬರ್ 25ರ ಭಾಷಣದಲ್ಲಿ ತಮಗೆ ಬಂದ ಶ್ರೇಯಸ್ಸಿನ ಒಂದು ಭಾಗ ರಾವ್ ಅವರದೆಂದು ಅಂಬೇಡ್ಕರ್ ಅವರೇ ಸಭೆಯ ಮುಂದೆ ಒಪ್ಪಿಸಿದ್ದಾರೆ. ಕರಡನ್ನು ತಿದ್ದಿ, ಸಭೆಯಲ್ಲಿ ವಿಧಿ ವಿಧಿಗೂ ಉತ್ತರ ಕೊಟ್ಟು ದಡ ಮುಟ್ಟಿಸಿದ ಹೊಣೆ ಅಂಬೇಡ್ಕರ್ ಅವರದು.

ಸದಸ್ಯ ಬಂಧುಗಳಲ್ಲಿ ಒಂದು ವಿನಂತಿ. ಕನ್ನಡ ಶಾಲೆಗೆ ಶಿಕ್ಷಕರು ಬೇಕು, ಪಠ್ಯಪುಸ್ತಕ ಬೇಕು ಎಂದು ಅರ್ಜಿ ಬರೆಯುವಾಗ ಬರೀ ಅಭಿಮಾನದ ಮಾತು ಬರೆದು ನಿಲ್ಲಿಸಬೇಡಿ. 29, 30, 350ಎ ಎಂದು ವಿಧಿಗಳ ಸಂಖ್ಯೆಯನ್ನೂ ನಮೂದಿಸಿ. ಈ ಸಂವಿಧಾನ ದಿನದಂದು ಮನೆಯ ಮಕ್ಕಳಿಗೆ ಆ ಮೂರು ವಿಧಿಗಳನ್ನು ಕನ್ನಡದಲ್ಲಿ ಓದಿಸಿರಿ.