ರಾಬರ್ಟ್ ವೀವರ್

ನ್ಯಾಯವನ್ನು ಕಾನೂನು ಸಾರಿದರೆ ಸಾಲದು. ಅದನ್ನು ಜನರಿಗೆ ಮುಟ್ಟಿಸುವ ದಕ್ಷ ಆಡಳಿತವೂ ಬೇಕು. ಇದಕ್ಕೆ ಅಮೆರಿಕದ ರಾಬರ್ಟ್ ವೀವರ್ ಅವರ ಜೀವನ ಉತ್ತಮ ನಿದರ್ಶನವಾಗಿದೆ.

ವೀವರ್ 1907ರ ಡಿಸೆಂಬರ್ 29ರಂದು ವಾಷಿಂಗ್ಟನ್ ನಗರದಲ್ಲಿ ಜನಿಸಿದರು. ಅವರ ತಂದೆ ಅಂಚೆ ಇಲಾಖೆಯ ಗುಮಾಸ್ತರು. ಅಂದು ಅಲ್ಲಿ ಕಪ್ಪು ಜನಾಂಗದ ಮಕ್ಕಳಿಗೆ ಶಾಲೆಗಳೇ ಬೇರೆಯಾಗಿದ್ದವು. ಪ್ರೌಢಶಾಲೆಯಲ್ಲಿ ಓದುತ್ತಿದ್ದಾಗಲೇ ವೀವರ್ ವಿದ್ಯುತ್ ಕೆಲಸವನ್ನು ಕಲಿತು ದುಡಿಯತೊಡಗಿದರು. ಆದರೆ ಕಾರ್ಮಿಕ ಸಂಘವನ್ನು ಸೇರಬಯಸಿದಾಗ ಮೈಬಣ್ಣವೇ ಅವರಿಗೆ ಅಡ್ಡಿಯಾಯಿತು. ಕಸುಬು ಬಲ್ಲವನಿಗೂ ಬಾಗಿಲು ಮುಚ್ಚಿರುವುದನ್ನು ಅವರು ಎಳೆಯ ವಯಸ್ಸಿನಲ್ಲಿಯೇ ಕಂಡರು. ಮುಂದೆ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರವನ್ನು ವ್ಯಾಸಂಗ ಮಾಡಿ, 1934ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು.

ಆಗ ಅಮೆರಿಕವನ್ನು ಭೀಕರವಾದ ಆರ್ಥಿಕ ಮುಗ್ಗಟ್ಟು ಆವರಿಸಿತ್ತು. ನಿರುದ್ಯೋಗಿಗಳಿಗೆ ಕೆಲಸ ಒದಗಿಸಲು ಅಧ್ಯಕ್ಷ ರೂಸ್‌ವೆಲ್ಟರ ಸರಕಾರವು ಲೋಕೋಪಯೋಗಿ ಕಾಮಗಾರಿಗಳನ್ನು ಕೈಗೊಂಡಿತ್ತು. 1933ರಲ್ಲಿ ಸರಕಾರಿ ಸೇವೆಗೆ ಸೇರಿದ ವೀವರ್, ಕಪ್ಪು ಜನರ ಹಿತವನ್ನು ನೋಡಿಕೊಳ್ಳುವ ಸಲಹೆಗಾರರಾದರು. ಕೆಲಸದಲ್ಲಿ ವರ್ಣಭೇದ ಕೂಡದೆಂಬ ಆದೇಶವೇನೋ ಇತ್ತು. ಆದರೆ ಯೋಗ್ಯರು ಸಿಗಲಿಲ್ಲವೆಂಬ ನೆಪವೊಡ್ಡಿ ಗುತ್ತಿಗೆದಾರರು ಕುಶಲ ಕೆಲಸಗಳಿಗೆ ಬಿಳಿಯರನ್ನೇ ಆರಿಸಿಕೊಳ್ಳುತ್ತಿದ್ದರು.

ವೀವರ್ ಇದಕ್ಕೊಂದು ಉಪಾಯವನ್ನು ರೂಪಿಸಿದರು. ಆಯಾ ನಗರದ ಕಪ್ಪು ಕುಶಲ ಕೆಲಸಗಾರರ ಸಂಖ್ಯೆ ಜನಗಣತಿಯಲ್ಲಿ ದಾಖಲಾಗಿತ್ತು. ಅದನ್ನು ಆಧರಿಸಿ, ಕುಶಲ ಕೆಲಸಕ್ಕೆ ಕೊಡುವ ಒಟ್ಟು ಕೂಲಿಯಲ್ಲಿ ಗೊತ್ತಾದ ಪಾಲು ಅವರಿಗೆ ಸಲ್ಲಬೇಕೆಂದು ಸರಕಾರಿ ವಸತಿ ಕಾಮಗಾರಿಗಳ ಕರಾರಿನಲ್ಲಿ ಸೇರಿಸಲಾಯಿತು. ಪಾಲು ಸಲ್ಲದಿದ್ದರೆ ಮೇಲುನೋಟಕ್ಕೆ ಭೇದ ನಡೆದಿದೆಯೆಂದೇ ಅರ್ಥ. ಹಾಗಲ್ಲವೆಂದು ತೋರಿಸುವ ಹೊಣೆ ಗುತ್ತಿಗೆದಾರನದು. ಹೀಗೆ ಬಾಯಿಮಾತಿನ ನೆಪಗಳು ಹಿಂದೆ ಸರಿದು, ಕೂಲಿಯ ಪಟ್ಟಿಯೇ ಸಾಕ್ಷಿಯಾಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುದ್ಧ ಸಾಮಗ್ರಿಯ ಕಾರ್ಖಾನೆಗಳಲ್ಲಿ ಕಪ್ಪು ಜನರಿಗೆ ಉದ್ಯೋಗ ದೊರಕಿಸಲು ವೀವರ್ ಶ್ರಮಿಸಿದರು. ಪ್ರಗತಿ ಮಂದವಾಗಿತ್ತು. 1944ರಲ್ಲಿ ಅವರು ಆ ಹುದ್ದೆಯನ್ನು ತ್ಯಜಿಸಿದರು. ಕಾರ್ಮಿಕರ ಸಮಸ್ಯೆಯನ್ನು ಕುರಿತು ಗ್ರಂಥ ರಚಿಸಿದರು. 1955ರಲ್ಲಿ ನ್ಯೂಯಾರ್ಕ್ ರಾಜ್ಯದ ಬಾಡಿಗೆ ಆಯುಕ್ತರಾದರು.

1961ರಲ್ಲಿ ಅಧ್ಯಕ್ಷ ಕೆನೆಡಿಯವರು ವೀವರರನ್ನು ರಾಷ್ಟ್ರದ ವಸತಿ ಸಂಸ್ಥೆಯ ಮುಖ್ಯಸ್ಥರನ್ನಾಗಿ ನೇಮಿಸಿದರು. ನಗರಗಳಿಗಾಗಿ ಪ್ರತ್ಯೇಕ ಇಲಾಖೆಯನ್ನು ರಚಿಸಿ, ಅದನ್ನು ವೀವರರಿಗೆ ವಹಿಸುವುದು ಅಧ್ಯಕ್ಷರ ಇಚ್ಛೆಯಾಗಿತ್ತು. 1962ರಲ್ಲಿ ಆ ಪ್ರಸ್ತಾಪ ಶಾಸನಸಭೆಯಲ್ಲಿ ಬಿದ್ದುಹೋಯಿತು. ಕಪ್ಪು ಜನಾಂಗದವರೊಬ್ಬರು ಸಚಿವರಾಗುವುದನ್ನು ದಕ್ಷಿಣ ರಾಜ್ಯಗಳ ಹಲವು ಸದಸ್ಯರು ಸಹಿಸದಿದ್ದುದೂ ಇದಕ್ಕೆ ಒಂದು ಕಾರಣ. ವೀವರ್ ಎದೆಗುಂದದೆ ತಮ್ಮ ಕಾರ್ಯದಲ್ಲಿ ಮುಂದುವರಿದರು. 1965ರಲ್ಲಿ ಇಲಾಖೆ ಸ್ಥಾಪನೆಯಾಯಿತು. 1966ರ ಜನವರಿಯಲ್ಲಿ ಅವರು ಅದರ ಪ್ರಥಮ ಸಚಿವರಾದರು. ಅಮೆರಿಕದ ಸಚಿವ ಸಂಪುಟವನ್ನು ಸೇರಿದ ಮೊದಲ ಕಪ್ಪು ವ್ಯಕ್ತಿ ಅವರೇ.

1997ರ ಜುಲೈ 17ರಂದು ವೀವರ್ ನಿಧನರಾದರು. 2000ದಲ್ಲಿ ವಾಷಿಂಗ್ಟನ್ನಿನಲ್ಲಿದ್ದ ಆ ಇಲಾಖೆಯ ಕೇಂದ್ರ ಕಟ್ಟಡಕ್ಕೆ ಅವರ ಹೆಸರನ್ನಿಡಲಾಯಿತು. ಮೈಬಣ್ಣದ ಕಾರಣದಿಂದ ಸಂಘದ ಸದಸ್ಯತ್ವ ದೊರೆಯದಿದ್ದ ಬಾಲಕನ ಹೆಸರು, ಅವನು ಹುಟ್ಟಿದ ನಗರದಲ್ಲಿಯೇ ಹೀಗೆ ಶಾಶ್ವತವಾಯಿತು.