ಬಿಳಿ ಕಣ್ಣಿನ ನೊಣ ಕಲಿಸಿದ ಪಾಠ

ಮಕ್ಕಳೇ, ಕಳಿತ ಬಾಳೆಹಣ್ಣಿನ ಸುತ್ತ ಹಾರಾಡುವ ಪುಟ್ಟ ನೊಣಗಳನ್ನು ನೀವು ನೋಡಿರಬಹುದು. ಇವೇ ಹಣ್ಣಿನ ನೊಣಗಳು. ವಿಜ್ಞಾನಿಗಳು ಇವನ್ನು ಡ್ರೊಸೊಫಿಲ ಎನ್ನುತ್ತಾರೆ. ನಾವು ಕೈಬೀಸಿ ಓಡಿಸುವ ಈ ನೊಣವನ್ನೇ ಸಾಕಿ, ಎಣಿಸಿ, ಜೀವಿಗಳ ದೊಡ್ಡ ಗುಟ್ಟೊಂದನ್ನು ಬಿಡಿಸಿದವರು ಥಾಮಸ್ ಹಂಟ್ ಮಾರ್ಗನ್.

ಮಾರ್ಗನ್ 1866ರ ಸೆಪ್ಟೆಂಬರ್ 25ರಂದು ಅಮೆರಿಕದ ಲೆಕ್ಸಿಂಗ್ಟನ್ ಎಂಬ ಊರಿನಲ್ಲಿ ಹುಟ್ಟಿದರು. ಹಕ್ಕಿಯ ಮೊಟ್ಟೆ, ಪಳೆಯುಳಿಕೆಗಳನ್ನು ಕೂಡಿಡುವುದು ಬಾಲ್ಯದ ಹವ್ಯಾಸ. 1904ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ತಂದೆತಾಯಿಯ ಗುಣ ಮಕ್ಕಳಿಗೆ ಹೇಗೆ ಬರುತ್ತದೆ? ಗುಣಗಳನ್ನು ನಿರ್ಧರಿಸುವ ಅಂಶಗಳಿಗೆ ವಂಶವಾಹಿ ಎಂದು ಹೆಸರು. ಜೀವಕೋಶದೊಳಗಿನ ದಾರದಂಥ ವರ್ಣತಂತುಗಳಲ್ಲಿ ಇವು ಇರಬೇಕು ಎಂದು ಆಗ ಕೆಲವರು ಹೇಳುತ್ತಿದ್ದರು. ಮಾರ್ಗನ್ ಮಾತ್ರ ಇದನ್ನು ನಂಬಲಿಲ್ಲ. ಪ್ರಯೋಗದಲ್ಲಿ ಸಿದ್ಧವಾಗದ ಮಾತನ್ನು ಅವರು ಸುಲಭವಾಗಿ ಒಪ್ಪುವವರಲ್ಲ.

ಅವರ ಚಿಕ್ಕ ಕೊಠಡಿಯ ತುಂಬ ಹಾಲಿನ ಬಾಟಲಿಗಳು. ಅವುಗಳಲ್ಲಿ ಸಾವಿರಾರು ನೊಣಗಳು. ಬಾಳೆಹಣ್ಣೇ ಅವುಗಳ ಆಹಾರ. ಹತ್ತು ಹನ್ನೆರಡು ದಿನಗಳಲ್ಲಿ ಹೊಸ ಪೀಳಿಗೆ ಸಿದ್ಧ! 1910ರಲ್ಲಿ ಒಂದು ದಿನ, ಕೆಂಪು ಕಣ್ಣಿನ ನೊಣಗಳ ನಡುವೆ ಬಿಳಿ ಕಣ್ಣಿನ ಗಂಡು ನೊಣವೊಂದು ಕಂಡಿತು. ಮಾರ್ಗನ್ ಅದನ್ನು ಕೆಂಪು ಕಣ್ಣಿನ ಹೆಣ್ಣಿನ ಜೊತೆ ಬಿಟ್ಟರು. ಹುಟ್ಟಿದ ನೊಣಗಳಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಕೆಂಪು ಕಣ್ಣು. ಅದರ ಮುಂದಿನ ಪೀಳಿಗೆಯಲ್ಲಿ ಬಿಳಿ ಕಣ್ಣಿನ ನೊಣಗಳು ಮತ್ತೆ ಬಂದವು. ಎಣಿಸಿದರೆ 782. ಅವೆಲ್ಲವೂ ಗಂಡು!

ಇದೇಕೆ ಹೀಗೆ? ಹೆಣ್ಣು ನೊಣದಲ್ಲಿ ಎಕ್ಸ್ ಎಂಬ ವರ್ಣತಂತು ಎರಡಿವೆ, ಗಂಡಿನಲ್ಲಿ ಒಂದೇ. ಕಣ್ಣಿನ ಬಣ್ಣದ ಈ ವಂಶವಾಹಿ ಇರುವುದು ಎಕ್ಸ್‌ನಲ್ಲಿ. ಹೆಣ್ಣಿನಲ್ಲಿ ಒಂದು ಕೆಟ್ಟಿದ್ದರೂ ಇನ್ನೊಂದು ಕಣ್ಣನ್ನು ಕೆಂಪಾಗಿಸುತ್ತದೆ. ಗಂಡಿಗೆ ಆ ಆಸರೆ ಇಲ್ಲ. ವಂಶವಾಹಿಗಳು ವರ್ಣತಂತುವಿನಲ್ಲೇ ಇವೆ ಎಂಬುದಕ್ಕೆ ಹೀಗೆ ಸಾಕ್ಷಿ ಸಿಕ್ಕಿತು. ತಾವು ಒಪ್ಪದೆ ಇದ್ದ ವಿಚಾರವನ್ನು ಮಾರ್ಗನ್ ತಮ್ಮ ಪ್ರಯೋಗದಿಂದಲೇ ಒಪ್ಪಿಕೊಂಡರು.

ಅವರ ಕೊಠಡಿಯಲ್ಲಿ ವಿದ್ಯಾರ್ಥಿಗಳಿಗೂ ಸಮಾನ ಸ್ಥಾನವಿತ್ತು. ಸ್ಟರ್ಟೆವಂಟ್ ಎಂಬ ಕಾಲೇಜು ವಿದ್ಯಾರ್ಥಿ ಒಂದು ರಾತ್ರಿ ಮನೆಪಾಠವನ್ನು ಬದಿಗಿಟ್ಟು, ವಂಶವಾಹಿಗಳು ಸಾಲಾಗಿರುವ ಮೊದಲ ನಕ್ಷೆಯನ್ನು ಬರೆದರು. 1933ರಲ್ಲಿ ಮಾರ್ಗನ್‌ಗೆ ನೊಬೆಲ್ ಪ್ರಶಸ್ತಿ ಬಂದಿತು. ಆ ಹಣದಲ್ಲಿ ಅವರು ಸ್ಟರ್ಟೆವಂಟ್ ಮತ್ತು ಬ್ರಿಡ್ಜಸ್ ಎಂಬ ಇಬ್ಬರು ಶಿಷ್ಯರ ಮಕ್ಕಳಿಗೂ ಪಾಲು ಕೊಟ್ಟರು. 1945ರ ಡಿಸೆಂಬರ್ 4ರಂದು ಮಾರ್ಗನ್ ತೀರಿಕೊಂಡರು.

ನೊಣದ ಅಧ್ಯಯನ ಅಲ್ಲಿಗೆ ನಿಲ್ಲಲಿಲ್ಲ. ನಮ್ಮ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವುದು ಇನ್ಸುಲಿನ್. ಅಂಥದೇ ವಸ್ತುಗಳು ನೊಣದ ಮೆದುಳಿನ ಕೆಲವು ಕೋಶಗಳಲ್ಲಿಯೂ ತಯಾರಾಗುತ್ತವೆ. ಅವುಗಳ ಸಂದೇಶ ಸಾಗಲು ಬೇಕಾದ ಚಿಕೊ ಎಂಬ ವಂಶವಾಹಿಯ ಕೆಲಸ 1999ರಲ್ಲಿ ತಿಳಿಯಿತು. ಅದು ಕೆಟ್ಟರೆ ನೊಣ ಕುಳ್ಳಾಗುತ್ತದೆ, ಮೈಯಲ್ಲಿ ಕೊಬ್ಬು ಹೆಚ್ಚುತ್ತದೆ. ಸಕ್ಕರೆ ಕಾಯಿಲೆಯನ್ನು ಅರಿಯಲು ಇಂಥ ನೊಣಗಳು ನೆರವಾಗುತ್ತಿವೆ.

ನೀವೂ ಗಾಜಿನ ಬಾಟಲಿಯಲ್ಲಿ ಕಳಿತ ಬಾಳೆಹಣ್ಣಿನ ತುಂಡು ಇಡಿ. ನೊಣಗಳು ಬಂದ ಮೇಲೆ ಬಾಯಿಗೆ ತೆಳುಬಟ್ಟೆ ಕಟ್ಟಿ, ಭೂತಗನ್ನಡಿಯಿಂದ ನೋಡಿ. ಅವುಗಳ ಕಣ್ಣು ಯಾವ ಬಣ್ಣ?